ಶಿಕಾಗೊಗೆ ಹೋಗಿ ಪೋಲಿಷರಾದವರು

ಪ್ರಶ್ನೆ: ಕೊಲ್ಹಾಪುರದ ಬಳಿ ವಳಿವಡೆಯಲ್ಲಿದ್ದ ಪೋಲಿಷ್ ನಿರಾಶ್ರಿತರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅಂಥವರ ಮೊಮ್ಮಕ್ಕಳು ಇಂದು ಬ್ರಿಟನ್, ಅಮೆರಿಕಗಳಲ್ಲಿದ್ದಾರೆ. ಹಲವರಿಗೆ ಪೋಲಿಷ್ ಬಾರದು. ಆದರೂ 'ನಾವು ಪೋಲಿಷರು' ಎನ್ನುತ್ತಾರೆ. ಇದು ಬರೀ ಮೋಹವಲ್ಲವೇ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಅಲ್ಲ ಎಂದೇ ನನ್ನ ಉತ್ತರ. ರಾಷ್ಟ್ರೀಯತೆ ತಾಯ್ನಾಡಿನಲ್ಲಿ ಹುಟ್ಟಿ, ಹೊರಗೆ ಹೋದಂತೆ ಸವೆಯುತ್ತದೆ ಎಂದು ನೀವು ಭಾವಿಸಿದಂತಿದೆ. ಪೋಲೆಂಡಿನ ಚರಿತ್ರೆ ಹಾಗೆ ನಡೆದಿಲ್ಲ.

1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಉಳಿದದ್ದನ್ನೂ ಹಂಚಿಕೊಂಡ ಮೇಲೆ 123 ವರ್ಷ ಸ್ವತಂತ್ರ ಪೋಲೆಂಡ್ ಇರಲಿಲ್ಲ. ಇಂದಿನ ಅವರ ರಾಷ್ಟ್ರಗೀತೆಯನ್ನು ಯೂಝೆಫ್ ವಿಬಿಟ್ಸ್ಕಿ ಬರೆದದ್ದು 1797ರಲ್ಲಿ, ಇಟಲಿಯಲ್ಲಿ, ನಾಡು ಕಳೆದುಕೊಂಡ ಸೈನಿಕರಿಗಾಗಿ. ರಷ್ಯಾದ ವಿರುದ್ಧದ 1830–31ರ ದಂಗೆ ಸೋತ ಬಳಿಕ ಕವಿಗಳೂ ಮುಖಂಡರೂ ಪ್ಯಾರಿಸ್ ಸೇರಿದರು.

ನನಗೆ ಇವರಿಗಿಂತ ಮುಖ್ಯವಾಗಿ ಕಾಣುವವರು ಹಳ್ಳಿಗರು. 19ನೇ ಶತಮಾನದ ಕೊನೆಗೆ ಹೊಟ್ಟೆಪಾಡಿಗಾಗಿ ಶಿಕಾಗೊಗೆ ಬಂದ ಎಷ್ಟೋ ರೈತರಿಗೆ ತಮ್ಮ ಊರು, ಚರ್ಚು, ಜಮೀನ್ದಾರ ಗೊತ್ತಿತ್ತೇ ಹೊರತು ಪೋಲೆಂಡ್ ಎಂಬುದು ಅಷ್ಟಾಗಿ ಗೊತ್ತಿರಲಿಲ್ಲ. ಕಾಗದಪತ್ರದಲ್ಲಿ ಒಬ್ಬ ಆಸ್ಟ್ರಿಯಾದವನು, ಇನ್ನೊಬ್ಬ ರಷ್ಯಾದವನು, ಮತ್ತೊಬ್ಬ ಪ್ರಷ್ಯಾದವನು. 1867ರಲ್ಲಿ ಆರಂಭವಾದ ಸಂತ ಸ್ತಾನಿಸ್ಲಾಸ್ ಕೋಸ್ಟ್ಕಾ ಚರ್ಚಿನಂಥ ಕಡೆ ಒಂದೇ ನುಡಿಯಲ್ಲಿ ಪ್ರಾರ್ಥಿಸುತ್ತ, ಒಬ್ಬರು ಸತ್ತರೆ ಉಳಿದವರು ಹಣ ಕೂಡಿಸುತ್ತ ಅವರು ತಾವೆಲ್ಲ ಒಂದೇ ಜನವೆಂದು ಕಂಡುಕೊಂಡರು. 1880ರಲ್ಲಿ ಹುಟ್ಟಿದ, ಅಮೆರಿಕದ ಪೋಲಿಷರ ಸಂಘವಾದ ಪೋಲಿಷ್ ನ್ಯಾಷನಲ್ ಅಲಯನ್ಸ್ ವಿಮೆಯನ್ನೂ ಕೊಟ್ಟಿತು, ಸ್ವಾತಂತ್ರ್ಯದ ಮಾತನ್ನೂ ಆಡಿತು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಿಂದ 20,000ಕ್ಕೂ ಹೆಚ್ಚು ಮಂದಿ ಫ್ರಾನ್ಸಿನಲ್ಲಿ ಕಟ್ಟಿದ ಪೋಲಿಷ್ ಸೇನೆ ಸೇರಿದರು. ಇಲ್ಲದ ದೇಶಕ್ಕಾಗಿ!

ವಳಿವಡೆಯವರ ಸಂಕಟ ಬೇರೆ. ಸ್ಟಾಲಿನ್ ಆಡಳಿತ ಪೂರ್ವ ಪೋಲೆಂಡಿನಿಂದ ಸೈಬೀರಿಯಾ, ಕಝಾಕ್‌ಸ್ತಾನಗಳಿಗೆ ಎಳೆದೊಯ್ದಿದ್ದ ಕುಟುಂಬಗಳವು. 1943ರಿಂದ 1948ರವರೆಗೆ ಸುಮಾರು 5,000 ಮಂದಿ ವಳಿವಡೆಯಲ್ಲಿ ಶಾಲೆ, ಚರ್ಚು, ಸ್ಕೌಟ್ ದಳ ಕಟ್ಟಿಕೊಂಡು ಬದುಕಿದರು. ಯುದ್ಧ ಮುಗಿದಾಗ ಅವರ ಊರುಗಳೇ ಸೋವಿಯತ್ ಒಕ್ಕೂಟದ ಪಾಲಾಗಿದ್ದವು. ಹೀಗೆ ಊರು ಕಳೆದುಕೊಂಡ ಬಹಳಷ್ಟು ಪೋಲಿಷರಿಗೆ ಯುದ್ಧಕಾಲದಲ್ಲಿ ನಾಡು ಬಿಟ್ಟು ಬಂದು ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಪೋಲಿಷ್ ಸರ್ಕಾರವೇ ಪೋಲೆಂಡ್. 1945ರಲ್ಲಿ ಬ್ರಿಟನ್, ಅಮೆರಿಕ ಎರಡೂ ಮಾನ್ಯತೆ ಹಿಂತೆಗೆದುಕೊಂಡರೂ ಅದು ಬಾಗಿಲು ಮುಚ್ಚಲಿಲ್ಲ. ಅದರ ಕೊನೆಯ ಅಧ್ಯಕ್ಷ ರಿಷಾರ್ಡ್ ಕಚೊರೊವ್‌ಸ್ಕಿ ಸ್ವತಃ ಸೋವಿಯತ್ ಒಕ್ಕೂಟದ ಕೊಲಿಮಾದ ಶ್ರಮಶಿಬಿರ ಕಂಡವರು. 1990ರ ಡಿಸೆಂಬರ್ 22ರಂದು ವಾರ್ಸಾದಲ್ಲಿ ಅವರು ಪೋಲೆಂಡಿನ ಹೊಸ ಅಧ್ಯಕ್ಷ ಲೆಕ್ ವಲೇಸಾ ಅವರಿಗೆ ಅಧ್ಯಕ್ಷ ಪದವಿಯ ಲಾಂಛನಗಳನ್ನು ಒಪ್ಪಿಸಿದರು. ಇಷ್ಟು ದೀರ್ಘ ನಿಷ್ಠೆಯನ್ನು ಮೋಹ ಎನ್ನಲು ನನಗೆ ಮನಸ್ಸು ಬಾರದು.

ಭಾಷೆಯ ವಿಷಯದಲ್ಲಿ ಮಾತ್ರ ನಿಮ್ಮ ಸಂಶಯಕ್ಕೆ ತೂಕವಿದೆ. ವಿದೇಶದಲ್ಲಿರುವ ತನ್ನ ಮೂಲದವರಿಗೆ 'ಪೋಲಿಷ್ ಕಾರ್ಡ್' ಕೊಡಲು 2007ರಲ್ಲಿ ಕಾನೂನು ತಂದ ಪೋಲೆಂಡ್ ಕೂಡ ಅರ್ಜಿದಾರರಿಂದ ಭಾಷೆಯ ಅಲ್ಪಸ್ವಲ್ಪ ಪರಿಚಯವನ್ನು ಕೇಳುತ್ತದೆ. ಪೋಲಿಷ್ ಬಾರದ ಮೊಮ್ಮಗಳ ಪೋಲಿಷತನ ಅಜ್ಜಿಯದಕ್ಕಿಂತ ತೆಳುವಾದದ್ದು, ಆದರೆ ಸುಳ್ಳಲ್ಲ. ವಲಸಿಗರು ನಡೆಸುವ ಶನಿವಾರದ ಶಾಲೆಗಳಿಗೆ ಅವಳೂ ಹೋಗಲಿ ಎಂದು ನಾನು ಮನಸಾರೆ ಬಯಸುತ್ತೇನೆ.