ಹೊಣೆ ಯಾರದು ಎಂದು ಕೇಳಿದ್ದೀರಿ

ಓದುಗರೊಬ್ಬರ ಪತ್ರ. ಹೆಸರುಗಳನ್ನು ತೆಗೆದು, ಚಿಕ್ಕದು ಮಾಡಿದ್ದೇವೆ:

‘ಕೋವಿಡ್ ಕಾಲದಲ್ಲಿ ಹಬ್ಬಕ್ಕೆ ಸೇರಿದ ಮನೆಮಂದಿಯನ್ನು ದೂರಿ ಪ್ರಯೋಜನವಿಲ್ಲ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. 2020ರ ಕೊನೆಯ ರಜೆಯಲ್ಲಿ ನನ್ನ ತಮ್ಮ ಹದಿನೇಳು ಜನರನ್ನು ಮನೆಗೆ ಕರೆದ. ಹಿಂದಿನ ರಾತ್ರಿಯಿಂದಲೇ ಅವನಿಗೆ ಗಂಟಲು ಕೆರೆತ ಇತ್ತು. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಅವಳೇ ನನ್ನ ಹತ್ತಿರ ಬಾಯಿಬಿಟ್ಟಳು. ಅಪ್ಪ ಅಂದು ನಾಲ್ಕು ಗಂಟೆ ಅವನ ಪಕ್ಕದಲ್ಲೇ ಕೂತಿದ್ದರಂತೆ. ಐದನೇ ದಿನ ಅಪ್ಪನಿಗೆ ಜ್ವರ ಬಂತು. ಹತ್ತೊಂಬತ್ತನೇ ದಿನ ಅಪ್ಪ ಇರಲಿಲ್ಲ. ನಾನು ಹೋಗಿರಲಿಲ್ಲ. ಇನ್ನೊಂದಿಷ್ಟು ತಿಂಗಳು ತಡೆಯೋಣ ಎಂದಿದ್ದೆ. ಇವಳಿಗೆ ಹೆದರಿಕೆ ಜಾಸ್ತಿ ಎಂದು ಎಲ್ಲರೂ ನಕ್ಕರು. ಹಾಗಾದರೆ ನನ್ನ ಅಪ್ಪನ ಸಾವಿಗೆ ಯಾರೂ ಹೊಣೆ ಅಲ್ವಾ? ಈ ಪತ್ರವನ್ನು ನನ್ನ ತಮ್ಮನ ಹೆಸರು ಸಮೇತ ಅಚ್ಚು ಹಾಕಿ.’

ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಬರೆಯಲು ಕೂತಾಗಲೆಲ್ಲ ಕೈ ನಿಂತುಬಿಡುತ್ತಿತ್ತು. ಮೊದಲು ನೇರವಾಗಿ ಉತ್ತರ ಹೇಳುತ್ತೇನೆ. ಹೊಣೆ ಇದೆ. ನಾವು ಹೋದ ಸಂಚಿಕೆಯಲ್ಲಿ ಬರೆದ ಆ ಸಾಲು ಯಾರನ್ನೂ ಕಳೆದುಕೊಳ್ಳದವರು ಬರೆದ ಸಾಲಿನ ಹಾಗಿದೆ. ಅದನ್ನು ಬರೆದವನು ನಾನೇ. ಊರ ಮಂದಿ ಕಲ್ಲು ಹೊಡೆಯುವುದು ಬೇರೆ, ಮಗಳು ಪ್ರಶ್ನೆ ಕೇಳುವುದು ಬೇರೆ. ಎರಡಕ್ಕೂ ‘ದೂರುವುದು’ ಎಂಬ ಒಂದೇ ಮಾತು ಬಳಸಿಬಿಟ್ಟೆ. ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ.

ಈಗ ನಿಮ್ಮ ತಮ್ಮನ ವಿಷಯ. ಅವರ ಮೇಲೆ ಯಾವುದನ್ನು ಹೊರಿಸಬಹುದು, ಯಾವುದನ್ನು ಹೊರಿಸಲಾಗದು ಎಂದು ಸ್ವಲ್ಪ ಬಿಡಿಸಿ ನೋಡೋಣ.

ಪತ್ರದ ಮೂರನೇ ಪುಟದಲ್ಲಿ ನೀವು ಕಿಟಕಿಗಳ ಬಗ್ಗೆ ಬರೆದಿದ್ದೀರಿ. ಚಳಿ ಎಂದು ಎಲ್ಲ ಮುಚ್ಚಿದ್ದರು, ಒಂದಾದರೂ ತೆರೆದಿದ್ದರೆ ಎಂದು. ಆ ಸಂಕಟ ಅರ್ಥವಾಗುತ್ತದೆ. ಆದರೆ ಆ ವರ್ಷ ನಮ್ಮ ಕಿವಿಗೆ ಬಿದ್ದಿದ್ದೇನು? 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಗತ್ತಿಗೇ ಹಬ್ಬಿದ ಪಿಡುಗು ಎಂದಿತು. ಅದೇ ತಿಂಗಳ 28ರಂದು, ಈ ರೋಗ ಗಾಳಿಯಲ್ಲಿ ಹರಡುವುದಿಲ್ಲ ಎಂದು ಟ್ವೀಟ್ ಮಾಡಿತು. ಕೋಣೆಯ ಗಾಳಿಯಲ್ಲಿ ತೇಲಿ ಹರಡುತ್ತದೆ ಎಂದು ಆ ಸಂಸ್ಥೆ ಸ್ಪಷ್ಟವಾಗಿ ಹೇಳುವಷ್ಟರಲ್ಲಿ 2021 ಬಂದಿತ್ತು. ಅದಕ್ಕೂ ಮೊದಲೇ ಎಷ್ಟೋ ವಿಜ್ಞಾನಿಗಳು ಎಚ್ಚರಿಸುತ್ತಿದ್ದರು, ನಿಜ. ಆದರೆ ಮನೆಮನೆಯಲ್ಲಿ ನಾವೆಲ್ಲ ಮಾಡುತ್ತಿದ್ದದ್ದು ಕೈ ತೊಳೆಯುವುದು, ಡಬ್ಬಿ ಒರೆಸುವುದು, ಬಾಗಿಲ ಹಿಡಿಕೆ ಉಜ್ಜುವುದು. ಆ ಮುಚ್ಚಿದ ಕಿಟಕಿಯನ್ನು ನಿಮ್ಮ ತಮ್ಮನ ಲೆಕ್ಕಕ್ಕೆ ಬರೆಯಬೇಡಿ. ಅದರಲ್ಲಿ ದೊಡ್ಡ ಪಾಲು ಅವರಿಗಿಂತ ಜಾಸ್ತಿ ತಿಳಿದವರದ್ದು, ತಿಳಿದೂ ತಡವಾಗಿ ಹೇಳಿದವರದ್ದು.

ಇನ್ನೊಂದು. ಸೋಂಕು ಅವರಿಂದಲೇ ಬಂತು ಎಂದು ಖಚಿತವಾಗಿ ಹೇಳಲು ಯಾರಿಂದಲೂ ಆಗದು. ಈ ವೈರಸ್ ಜ್ವರ, ಕೆಮ್ಮು ಕಾಣಿಸುವ ಒಂದೆರಡು ದಿನ ಮೊದಲೇ ಹರಡಬಲ್ಲದು. ಏನೂ ಕಾಣಿಸದವರಿಂದಲೂ ಹರಡಬಲ್ಲದು. ತಗುಲಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ ಹದಿನಾಲ್ಕು ದಿನ. ನಿಮ್ಮ ಅಪ್ಪನ ಐದನೇ ದಿನದ ಜ್ವರ ಆ ಕೋಣೆಯ ಕಡೆಗೇ ಬೊಟ್ಟು ಮಾಡುತ್ತದೆ. ಆದರೆ ಆ ಕೋಣೆಯಲ್ಲಿ ಹದಿನೇಳು ಜನ ಇದ್ದರು.

ಹಾಗಂತ ಗಂಟಲಿನ ವಿಷಯ ಹಗುರವಾಗುವುದಿಲ್ಲ. 2020ರ ಡಿಸೆಂಬರ್ ಹೊತ್ತಿಗೆ, ಗಂಟಲು ಕೆರೆದರೆ ವಯಸ್ಸಾದವರ ಹತ್ತಿರ ಕೂರಬಾರದು ಎಂಬುದು ಮಕ್ಕಳಿಗೂ ಗೊತ್ತಿತ್ತು. ನಿಮ್ಮ ತಮ್ಮನಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಅಲ್ವಾ ಹೆಂಡತಿಗೆ ಹೇಳಿದ್ದು, ಉಳಿದವರಿಗೆ ಹೇಳದೆ ಇದ್ದದ್ದು? ‘ಸುಮ್ನೆ ಎಲ್ಲರನ್ನೂ ಹೆದರಿಸೋದು ಬೇಡ’ ಎಂದರಂತೆ. ಆ ಮಾತು ಅವರು ಆಡಬಾರದಿತ್ತು. ‘ಅಪ್ಪಾ, ನನಗೆ ಗಂಟಲು ಸರಿ ಇಲ್ಲ, ಈ ಸಲ ಬೇಡ’ ಎಂದು ಒಂದು ಫೋನ್ ಮಾಡಿದ್ದರೆ, ಬರುವುದೋ ಬಿಡುವುದೋ ಎಂದು ಅಪ್ಪನೇ ತೀರ್ಮಾನ ಮಾಡುತ್ತಿದ್ದರು. ಆ ತೀರ್ಮಾನವನ್ನು ಅವರ ಕೈಯಿಂದ ಕಿತ್ತುಕೊಂಡಂತಾಯಿತು. ನಿಮ್ಮ ತಮ್ಮನ ಹೊಣೆ ಇದು. ಸೋಂಕು ಯಾರಿಂದಲೇ ಬಂದಿರಲಿ, ಇದು ಅವರದೇ.

ಇಲ್ಲಿ ನನ್ನದೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಅದೇ ಚಳಿಗಾಲದಲ್ಲಿ ನಾನು ನನ್ನ ದೊಡ್ಡಮ್ಮನನ್ನು ನೋಡಲು ಹೋಗಿದ್ದೆ. ಬೆಳಿಗ್ಗೆ ಎದ್ದಾಗ ಮೈಕೈ ನೋವು ಇತ್ತು. ರಾತ್ರಿ ನಿದ್ದೆ ಕಡಿಮೆ ಆಗಿರಬೇಕು ಎಂದುಕೊಂಡೆ. ಅವರ ಬಾಗಿಲ ಮುಂದೆ ನಿಂತು ಒಂದು ನಿಮಿಷ ಯೋಚಿಸಿದ್ದು ನೆನಪಿದೆ. ಬೆಲ್ಲಿನ ಮೇಲೆ ಬೆರಳು ಇತ್ತು. ಒತ್ತಿದೆ. ಅವರು ಬಾಗಿಲು ತೆರೆದು, ‘ಬಾ, ಎಷ್ಟು ದಿನ ಆಯ್ತು’ ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಮೈಕೈ ನೋವಿನ ಮಾತು ನಾನು ಎತ್ತಲಿಲ್ಲ. ದೊಡ್ಡಮ್ಮನಿಗೆ ಏನೂ ಆಗಲಿಲ್ಲ. ಇಂದಿಗೂ ಗಟ್ಟಿಯಾಗಿದ್ದಾರೆ.

ನಿಮ್ಮ ತಮ್ಮ ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ? ನನಗಂತೂ ಕಾಣುತ್ತಿಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕುಟುಂಬದ ಗ್ರೂಪಿನಲ್ಲಿ ನನ್ನ ಬಗ್ಗೆ ಯಾರೂ ಬರೆಯಲಿಲ್ಲ. ಸಾವು ಬಂದ ಮನೆಯ ಕಡೆಗೆ ಮಾತ್ರ ಎಲ್ಲರ ಬೆರಳು ತಿರುಗಿತು. ಅಂಥದ್ದೇ ತಪ್ಪು ಮಾಡಿ ಪಾರಾದವರೂ ಆ ಬೆರಳು ತೋರುವವರ ಜೊತೆ ನಿಂತೆವು. ನಿಮ್ಮ ತಮ್ಮನನ್ನು ಉಳಿಸಲು ಇದನ್ನು ಹೇಳುತ್ತಿಲ್ಲ. ಬಾಗಿಲ ಮುಂದೆ ನಿಂತ ಆ ಒಂದು ನಿಮಿಷಕ್ಕೆ ನಾನೂ ಉತ್ತರ ಕೊಡಬೇಕಾದವನು ಎಂದು ನಿಮಗೆ ತಿಳಿದಿರಲಿ.

ಹೆಸರು ಹಾಕಿ ಎಂದು ಕೇಳಿದ್ದೀರಿ. ಹಾಕುವುದಿಲ್ಲ. ಕಾರಣ ಹೇಳಲು ಸ್ವಲ್ಪ ದೂರದ ಊರಿಗೆ ಕರೆದುಕೊಂಡು ಹೋಗಬೇಕು.

ದಕ್ಷಿಣ ಕೊರಿಯಾದಲ್ಲಿ 2020ರ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಸಾಲು ರಜೆ ಇತ್ತು. ಸೋಂಕು ಕಡಿಮೆಯಾಗಿದೆ ಎಂದು ಜನ ಹೊರಗೆ ಬಂದಿದ್ದರು. ಸೋಲ್ ನಗರದಲ್ಲಿ ಇಟೇವಾನ್ ಎಂಬ ಭಾಗವಿದೆ. ಅಲ್ಲಿನ ರಾತ್ರಿ ಕ್ಲಬ್ಬುಗಳಿಗೆ ಹೋಗಿದ್ದ ಯುವಕನೊಬ್ಬನಿಗೆ ಸೋಂಕು ಇದೆ ಎಂದು ಮೇ 6ರಂದು ಗೊತ್ತಾಯಿತು. ಅವುಗಳಲ್ಲಿ ಕೆಲವು ಸಲಿಂಗಿಗಳು ಸೇರುವ ಜಾಗ ಎಂದು ಕೆಲವು ಪತ್ರಿಕೆಗಳು ಬರೆದುಬಿಟ್ಟವು. ಅಲ್ಲಿಗೆ ಮುಗಿಯಿತು. ಆ ಕ್ಲಬ್ಬುಗಳಿಗೆ ಹೋಗಿದ್ದ ಸಾವಿರಾರು ಜನರನ್ನು ಹುಡುಕಿ ಪರೀಕ್ಷೆ ಮಾಡಬೇಕಿತ್ತು. ಎಷ್ಟೋ ಜನ ಫೋನ್ ಎತ್ತಲೇ ಇಲ್ಲ. ಎತ್ತಿದರೆ ಮನೆಯವರಿಗೆ ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ ಎಂಬ ಭಯ.

ಅಲ್ಲಿಗೆ ಹೋಗಿದ್ದವರಲ್ಲಿ ಇಂಚಿಯಾನ್ ನಗರದ ಒಬ್ಬ ಮನೆಪಾಠದ ಮೇಷ್ಟ್ರೂ ಇದ್ದ. ವಿಚಾರಿಸಲು ಬಂದವರಿಗೆ ತನಗೆ ಕೆಲಸವೇ ಇಲ್ಲ ಎಂದು ಸುಳ್ಳು ಹೇಳಿದ. ಅವನಿಂದ ಪಾಠ ಹೇಳಿಸಿಕೊಂಡ ಮಕ್ಕಳಿಗೆ ಸೋಂಕು ತಗುಲಿತ್ತು. ಅವರಿಂದ ಮನೆಯವರಿಗೆ, ಮನೆಯವರಿಂದ ಇನ್ನೊಬ್ಬರಿಗೆ ಎಂದು ಸರಪಳಿ ಉದ್ದವಾಯಿತು. ಸುಳ್ಳು ಬಯಲಾಗುವಷ್ಟರಲ್ಲಿ ಬೆಲೆಬಾಳುವ ದಿನಗಳು ಹೋಗಿದ್ದವು. ಅಕ್ಟೋಬರಿನಲ್ಲಿ ನ್ಯಾಯಾಲಯ ಅವನಿಗೆ ಆರು ತಿಂಗಳು ಜೈಲು ವಿಧಿಸಿತು. ಆ ಶಿಕ್ಷೆ ತಪ್ಪು ಎಂದು ನಾನು ಹೇಳಲಾರೆ. ಆದರೆ ಅವನು ಹೋಗಿದ್ದ ಕ್ಲಬ್ಬುಗಳ ಬಗ್ಗೆ ಆ ವಾರ ಬೀದಿಯಲ್ಲಿ ನಡೆಯುತ್ತಿದ್ದ ಮಾತು ಅವನ ಕಿವಿಗೂ ಬಿದ್ದಿರಬೇಕಲ್ಲ? ಸೋಲ್ ನಗರದ ಆಡಳಿತಕ್ಕೆ ಇದು ಬೇಗ ಹೊಳೆಯಿತು. ಹೆಸರು ಬೇಡ, ಫೋನ್ ನಂಬರ್ ಒಂದಿದ್ದರೆ ಸಾಕು, ಬಂದು ಪರೀಕ್ಷೆ ಮಾಡಿಸಿಕೊಳ್ಳಿ ಎಂದಿತು. ಪರೀಕ್ಷೆಗೆ ಬರುವವರ ಸಂಖ್ಯೆ ಏರಿತು. ಹೆಸರು ಕೇಳುವುದನ್ನು ಬಿಟ್ಟ ಮೇಲೆ ಬಂದವರು ಅವರು.

ನಮ್ಮ ಪತ್ರಿಕೆಯೂ ಇದರಲ್ಲಿ ಪಾಲುದಾರ. ಅದೇ ವರ್ಷ ಒಂದು ಮನೆಯ ಕೂಟದ ಫೋಟೋ ಹಾಕಿದ್ದೆವು. ಯಾರೋ ಎದುರು ಮಹಡಿಯಿಂದ ತೆಗೆದು ಕಳಿಸಿದ್ದು. ಮುಖಗಳು ಚೆನ್ನಾಗಿ ಕಾಣುತ್ತಿದ್ದವು. ‘ಇವರಿಗೆ ಬುದ್ಧಿ ಬರುವುದು ಯಾವಾಗ’ ಎಂದು ಶೀರ್ಷಿಕೆ ಕೊಟ್ಟಿದ್ದು ನಾನೇ. ತಿಂಗಳ ನಂತರ ಆ ಮನೆಯ ಸೊಸೆ ಕಚೇರಿಗೆ ಫೋನ್ ಮಾಡಿದರು. ಕೂಗಾಡಲಿಲ್ಲ. ಮಾವನಿಗೆ ಕೆಮ್ಮು ಶುರುವಾದರೂ ಆರು ದಿನ ಪರೀಕ್ಷೆಗೆ ಕರೆದುಕೊಂಡು ಹೋಗಲಿಲ್ಲವಂತೆ. ಮತ್ತೆ ಪೇಪರಿನಲ್ಲಿ ಬರುತ್ತದೆ ಎಂದು. ‘ಅವರು ಉಳಿದುಕೊಂಡರು. ಅದನ್ನು ಹೇಳೋಣ ಅಂತ ಫೋನ್ ಮಾಡಿದೆ’ ಎಂದು ಇಟ್ಟುಬಿಟ್ಟರು. ಅವತ್ತಿನಿಂದ ಮನೆಮಂದಿಯ ಮುಖ ಹಾಕುವುದನ್ನು ನಿಲ್ಲಿಸಿದೆವು. ಹೋದ ಸಂಚಿಕೆಯ ಆ ಸಾಲು ಬಂದದ್ದೂ ಅಲ್ಲಿಂದಲೇ.

ಹೆಸರು ಹಿಡಿದು ಕೇಳಬೇಕಾದವರು ಬೇರೆ ಇದ್ದಾರೆ. ನಾರ್ವೆಯ ಪ್ರಧಾನಿಯಾಗಿದ್ದ ಎರ್ನಾ ಸೊಲ್ಬರ್ಗ್ 2021ರ ಫೆಬ್ರವರಿಯಲ್ಲಿ ತಮ್ಮ ಅರುವತ್ತನೇ ಹುಟ್ಟುಹಬ್ಬಕ್ಕೆ ಮನೆಯವರನ್ನೆಲ್ಲ ಸೇರಿಸಿದರು. ಹತ್ತು ಜನರ ಮಿತಿ ಇತ್ತು, ಸೇರಿದ್ದು ಹದಿಮೂರು. ಪೊಲೀಸರು 20,000 ಕ್ರೋನರ್ ದಂಡ ಹಾಕಿದರು. ಬೇರೆಯವರಾಗಿದ್ದರೆ ಇಂಥದ್ದಕ್ಕೆ ದಂಡ ಹಾಕುತ್ತಿರಲಿಲ್ಲವೇನೋ, ನಿಯಮಗಳ ಮುಂದೆ ನಿಂತವರೇ ಅವರಾದ್ದರಿಂದ ಹಾಕಿದ್ದೇವೆ ಎಂದು ಪೊಲೀಸರು ಹೇಳಿದರು. ಅವರು ಕ್ಷಮೆ ಕೇಳಿ ದಂಡ ಕಟ್ಟಿದರು. ಬ್ರಿಟನ್ನಿನಲ್ಲಿ 2020ರ ಕ್ರಿಸ್‌ಮಸ್‌ಗೆ ಮೂರು ಮನೆಯವರು ಐದು ದಿನ ಸೇರಬಹುದು ಎಂದು ಸರ್ಕಾರವೇ ಹೇಳಿತು. ಡಿಸೆಂಬರ್ 19ರಂದು ಅದೇ ಸರ್ಕಾರ ಲಂಡನ್ ಸುತ್ತಮುತ್ತ ಅದನ್ನು ರದ್ದು ಮಾಡಿತು. ಅಷ್ಟರಲ್ಲಿ ಜನ ಹೊರಡಲು ಸಿದ್ಧರಾಗಿದ್ದರು. ಪ್ರಧಾನಿಯ ಕಚೇರಿಯ ಆವರಣದಲ್ಲೇ ಕೂಟಗಳು ನಡೆದಿದ್ದವು ಎಂಬುದು ಆಮೇಲೆ ಹೊರಬಂತು. ತಾಯಿ ತಂದೆಯ ಕೊನೆ ಗಳಿಗೆಯನ್ನು ಫೋನಿನಲ್ಲಿ ನೋಡಿದ ಜನರಿಗೆ ಹೇಗಾಗಿರಬೇಕು, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅಂಥ ಕಡೆ ನಾವು ಹೆಸರು ಹಾಕಿಯೇ ಬರೆದೆವು, ಮುಂದೆಯೂ ಬರೆಯುತ್ತೇವೆ.

ನಿಮ್ಮ ಮಾತಿಗೆ ವಾಪಸ್ ಬರುತ್ತೇನೆ. ‘ಇನ್ನೊಂದಿಷ್ಟು ತಿಂಗಳು’ ಎಂದಿದ್ದಿರಿ. 2020ರ ಡಿಸೆಂಬರ್ 8ರಂದು ಬ್ರಿಟನ್ನಿನಲ್ಲಿ ತೊಂಬತ್ತು ವರ್ಷದ ಅಜ್ಜಿಯೊಬ್ಬರಿಗೆ ಲಸಿಕೆ ಹಾಕಿದ್ದನ್ನು ಇಡೀ ಜಗತ್ತು ನೋಡಿತ್ತು. ನೀವು ಹೇಳಿದ್ದು ಸರಿಯಾಗಿತ್ತು. ನಕ್ಕವರಲ್ಲಿ ಒಬ್ಬರಾದರೂ ಬಂದು ‘ನೀನು ಹೇಳಿದ್ದು ಸರಿ’ ಎಂದರಾ? ಪತ್ರದಲ್ಲಿ ಅಂಥ ಮಾತು ಎಲ್ಲೂ ಇಲ್ಲ. ಅದನ್ನು ಹೇಳುವುದು ಅವರೆಲ್ಲರ ಬಾಕಿ.

ತಮ್ಮನನ್ನು ಕ್ಷಮಿಸಿ ಎಂದು ನಾನು ಹೇಳುವುದಿಲ್ಲ. ಮರೆತುಬಿಡಿ ಎನ್ನುವವರ ಮಾತನ್ನೂ ಕೇಳಬೇಡಿ. ‘ಆಗಿದ್ದು ಆಯ್ತು’ ಎಂದು ನಿಮ್ಮ ತಮ್ಮ ಒಮ್ಮೆ ಹೇಳಿ ಎದ್ದುಹೋದರಂತಲ್ಲ, ಅದು ಉತ್ತರ ಅಲ್ಲ. ಗಂಟಲು ಶುರುವಾದದ್ದು ಎಷ್ಟು ಹೊತ್ತಿಗೆ, ಅಪ್ಪನಿಗೆ ಫೋನ್ ಮಾಡಬೇಕು ಎಂದು ಒಮ್ಮೆಯಾದರೂ ಅನ್ನಿಸಿತ್ತಾ, ಜ್ವರ ಬಂತು ಎಂದು ಕೇಳಿದಾಗ ಮೊದಲು ಏನು ಹೊಳೆಯಿತು. ಇವನ್ನು ಕೇಳುವ ಹಕ್ಕು ನಿಮಗಿದೆ. ಉತ್ತರ ಕೇಳಿದ ಮೇಲೆ ಮಾತು ಬಿಡುತ್ತೀರೋ ಉಳಿಸಿಕೊಳ್ಳುತ್ತೀರೋ, ಅದೂ ನಿಮ್ಮದೇ.

ಕೊನೆಯದಾಗಿ ಒಂದು ವಿಷಯ. ನಿಮ್ಮ ಪತ್ರ ಐದು ಪುಟ ಇದೆ. ಮೂರು ಪುಟದವರೆಗೆ ‘ಅವನು’ ಎಂದು ಬರೆದಿದ್ದೀರಿ. ನಾಲ್ಕನೇ ಪುಟದ ನಡುವೆ, ಅಪ್ಪನ ಕನ್ನಡಕದ ಮಾತು ಬರುವಲ್ಲಿ, ‘ಅದು ಈಗಲೂ ನಿನ್ನ ಹತ್ತಿರ ಇದೆಯಾ?’ ಎಂದಿದೆ. ಅಲ್ಲಿಂದ ಮುಂದೆ ಎಲ್ಲ ‘ನೀನು’ ಎಂದೇ ಇದೆ. ಬರೆಯುವಾಗ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಮೊದಲ ಮೂರು ಪುಟಗಳನ್ನು ನಾನು ಇಟ್ಟುಕೊಂಡಿದ್ದೇನೆ. ಉಳಿದ ಎರಡನ್ನು ಈ ಸಂಚಿಕೆಯ ಜೊತೆ ನಿಮ್ಮ ವಿಳಾಸಕ್ಕೆ ವಾಪಸ್ ಕಳಿಸುತ್ತಿದ್ದೇನೆ. ಅವು ನನಗೆ ಬರೆದವಲ್ಲ.

ಸಂಪಾದಕ