ಹಳೆಯ ಫೋಟೊಗಳ ಸ್ಕ್ಯಾನ್: ಜೆಪೆಗ್ ಸಾಕೆ, ಟಿಫ್ ಬೇಕೆ?

ಪ್ರಶ್ನೆ: ನಮ್ಮ ತಾತ ಕನ್ನಂಬಾಡಿ ಕಟ್ಟೆಯ ಮುಂದೆ ತೆಗೆಸಿಕೊಂಡ ಫೋಟೊ ಸೇರಿದಂತೆ ಮನೆಯ ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಲು ಹೋದಾಗ, ಸ್ಟುಡಿಯೊದವರು ಜೆಪೆಗ್, ಪಿಎನ್‌ಜಿ, ಟಿಫ್ ಎಂಬ ಫೈಲ್ ರೂಪಗಳಲ್ಲಿ ಯಾವುದು ಬೇಕೆಂದು ಕೇಳಿದರು. ಯಾವುದನ್ನು ಆರಿಸಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಕಾಯ್ದಿಡುವ ಪ್ರತಿಯನ್ನು, ಸಾಮಾನ್ಯವಾಗಿ ವಿವರ ಕಳೆಯದೆ ಚಿತ್ರ ಉಳಿಸುವ ಟಿಫ್‌ನಲ್ಲಿಯೇ ಪಡೆಯಿರಿ, ಬಂಧುಗಳಿಗೆ ಕಳುಹಿಸಲು ಅದರಿಂದ ಜೆಪೆಗ್ ಪ್ರತಿ ಮಾಡಿಕೊಳ್ಳಬಹುದು. 1992ರಲ್ಲಿ ಮಾನಕವಾದ ಜೆಪೆಗ್, ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸಿ, ಕಣ್ಣು ಅಷ್ಟಾಗಿ ಗುರುತಿಸದ ಸೂಕ್ಷ್ಮ ವಿವರಗಳನ್ನು ಕೈಬಿಟ್ಟು ಫೈಲನ್ನು ಚಿಕ್ಕದಾಗಿಸುತ್ತದೆ. ಕೈಬಿಟ್ಟದ್ದು ಮರಳಿ ಬರುವುದಿಲ್ಲ. ತೆರೆದು ನೋಡುವುದರಿಂದ ನಷ್ಟವೇನೂ ಇಲ್ಲ, ಆದರೆ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಜೆಪೆಗ್ ಆಗಿಯೇ ಉಳಿಸುತ್ತ ಹೋದರೆ ಇನ್ನಷ್ಟು ವಿವರ ಕಳೆಯುತ್ತದೆ. ಈ ನಷ್ಟ ಸೀರೆಯ ಜರಿ ಅಂಚಿನಂತಹ ನವಿರಾದ ಕಡೆಗಳಲ್ಲಿ ಮತ್ತು ಅಕ್ಷರಗಳ ಸುತ್ತ ಬೇಗ ಕಾಣಿಸುವುದರಿಂದ, ಫೋಟೊದ ಹಿಂಬದಿಯಲ್ಲಿ ಹಿರಿಯರು ಹೆಸರು, ಇಸವಿ ಬರೆದಿದ್ದರೆ ಆ ಬದಿಯನ್ನೂ ಟಿಫ್‌ನಲ್ಲಿ ಸ್ಕ್ಯಾನ್ ಮಾಡಿಸಬೇಕೆಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಚಿತ್ರದಲ್ಲಿರುವವರು ಯಾರೆಂದು ಮೊಮ್ಮಕ್ಕಳಿಗೆ ತಿಳಿಸುವುದು ಆ ಬರಹವೇ. ಮೊದಲು ಜೆಪೆಗ್ ಆಗಿ ಸ್ಕ್ಯಾನ್ ಮಾಡಿ ಆಮೇಲೆ ಟಿಫ್‌ಗೆ ಬದಲಿಸಿಕೊಟ್ಟರೆ ಫೈಲ್ ದೊಡ್ಡದಾಗುತ್ತದೆಯೇ ಹೊರತು ಹೋದ ವಿವರ ಬರುವುದಿಲ್ಲವಾದ್ದರಿಂದ, ಇದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಿ.

ಗಾತ್ರದ ಚಿಂತೆ ಬೇಡ. ಆರು ಇಂಚು ಉದ್ದ, ನಾಲ್ಕು ಇಂಚು ಅಗಲದ ಫೋಟೊವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಗಳಂತೆ, ಬಣ್ಣದ ಸ್ಕ್ಯಾನ್ ಮಾಡಿದರೆ ಸುಮಾರು 86 ಲಕ್ಷ ಪಿಕ್ಸೆಲ್‌ಗಳಾಗುತ್ತವೆ. ಪಿಕ್ಸೆಲ್‌ಗೆ ಮೂರು ಬೈಟ್‌ನಂತೆ, ಕುಗ್ಗಿಸದ ಟಿಫ್ ಫೈಲ್ ಸುಮಾರು 26 ಎಂಬಿ ತೂಗುತ್ತದೆ. ಅಂತಹ ನೂರು ಚಿತ್ರಗಳೂ ಮೂರು ಜಿಬಿ ದಾಟುವುದಿಲ್ಲ. ಟಿಫ್ ಸಿಗದಿದ್ದರೆ ಪಿಎನ್‌ಜಿ ಆಗಬಹುದು, ಅದೂ ವಿವರ ಕಳೆಯದೆ ಫೈಲನ್ನು ಕುಗ್ಗಿಸುತ್ತದೆ. 256 ಬಣ್ಣಗಳ ಮಿತಿಯಿರುವ ಜಿಫ್ ಫೋಟೊಗಳಿಗೆ ಸಲ್ಲದು. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಫೈಲ್ ಇದ್ದ ಹಾಗೆಯೇ ತಲುಪುತ್ತದೆ.

ಪ್ರಶ್ನೆ: ಐಫೋನಿನಲ್ಲಿ ತೆಗೆದ ದಸರಾ ಮೆರವಣಿಗೆಯ ಚಿತ್ರಗಳು ಪ್ರಿಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಅವು ಹಾಳಾಗಿವೆಯೆ?
– ಓದುಗರೊಬ್ಬರು, ಮೈಸೂರು

ಉತ್ತರ: ಹಾಳಾಗಿರಲಾರವು. ಐಫೋನ್‌ಗಳು 2017ರಿಂದ ಎಚ್‌ಇಐಸಿ ಎಂಬ ರೂಪದಲ್ಲಿ ಚಿತ್ರ ಉಳಿಸುತ್ತಿದ್ದು, ಹಳೆಯ ಕಂಪ್ಯೂಟರ್‌ಗಳು ಅದನ್ನು ಓದಲಾರವು. ಮೂಲವನ್ನು ಫೋನಿನಲ್ಲಿಯೇ ಉಳಿಸಿಕೊಂಡು, ಮುದ್ರಣಕ್ಕಾಗಿ ಜೆಪೆಗ್‌ಗೆ ಪರಿವರ್ತಿಸಿ ಕೊಡಿ. ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನಷ್ಟೇ ತಿದ್ದಿದರೆ ಒಳಗಿನ ರಚನೆ ಬದಲಾಗುವುದಿಲ್ಲ. ಇನ್ನು ಮುಂದೆ ತೆಗೆಯುವ ಚಿತ್ರಗಳು ಜೆಪೆಗ್ ಆಗಿಯೇ ಇರಬೇಕಾದರೆ, ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದಲ್ಲಿ ಫಾರ್ಮ್ಯಾಟ್ಸ್ ತೆರೆದು ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಕೊಳ್ಳಿ.