ಓದುಗರ ಪ್ರಶ್ನೆ: ಲಿಸ್ಬನ್ನಿನ ಹೂವು, ಅಂಜುದೀವದ ಗುಂಡು

ಎರಡು ತಿಂಗಳ ಹಿಂದೆ ಲಿಸ್ಬನ್ ಬಗ್ಗೆ ಒಂದು ಪುಟ ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾನು 2024ರ ಏಪ್ರಿಲ್‌ನಲ್ಲಿ ಮಗಳ ಮನೆಗೆ ಹೋಗಿ ಮೂರು ವಾರ ಇದ್ದು ಬಂದವಳು, ಅಷ್ಟೇ. ಕಾರವಾರದವಳಾದ್ದರಿಂದ ಪೋರ್ಚುಗೀಸರ ವಿಷಯದಲ್ಲಿ ಕುತೂಹಲ ಸ್ವಲ್ಪ ಜಾಸ್ತಿ.

ಪ್ರಶ್ನೆ: ಬಂದೂಕಿನ ಬಾಯಿಗೆ ಹೂವಿಟ್ಟು ಕ್ರಾಂತಿ ಮಾಡಿದರು ಅಂತ ಬರೆದಿದ್ದಿರಿ. ಇದು ನಿಜವೇ, ಆಮೇಲೆ ಕಟ್ಟಿದ ಕಥೆಯೇ? (ಓದುಗರೊಬ್ಬರು, ಧಾರವಾಡ)

ನಿಜ. ಫೋಟೋಗಳೇ ಇವೆ. 1974ರಲ್ಲಿ ಪೋರ್ಚುಗಲ್ಲಿನ ಸೈನಿಕರೇ ಎದ್ದು ಅಲ್ಲಿನ ಸರ್ವಾಧಿಕಾರವನ್ನು ಉರುಳಿಸಿದ ಕ್ರಾಂತಿ ಅದು. ಆದರೆ ಹೂವು ಯಾರ ಯೋಜನೆಯಲ್ಲೂ ಇರಲಿಲ್ಲ. ಸೆಲೆಸ್ತ್ ಕಾಯೆಯ್ರು ಅನ್ನುವವರು ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. 1974ರ ಏಪ್ರಿಲ್ 25ಕ್ಕೆ ಆ ಹೋಟೆಲು ಶುರುವಾಗಿ ಸರಿಯಾಗಿ ಒಂದು ವರ್ಷ. ಗಿರಾಕಿಗಳಿಗೆ ಕೊಡೋಣ ಅಂತ ಮಾಲೀಕರು ಕಾರ್ನೇಷನ್ ಹೂವು ತರಿಸಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಬೀದಿ ತುಂಬ ಸೈನ್ಯ. ಇವತ್ತು ಬಾಗಿಲು ತೆರೆಯುವುದಿಲ್ಲ, ಹೂವು ಸುಮ್ನೆ ಹಾಳಾಗುವುದು ಬೇಡ, ಮನೆಗೆ ಒಯ್ಯಿರಿ ಅಂದರು. ದಾರಿಯಲ್ಲಿ ಒಬ್ಬ ಸೈನಿಕ ಸೆಲೆಸ್ತ್ ಅವರ ಹತ್ತಿರ ಸಿಗರೇಟು ಕೇಳಿದ. ಸಿಗರೇಟು ಇರಲಿಲ್ಲ, ಒಂದು ಹೂವು ಕೊಟ್ಟರು. ಅವನು ಅದನ್ನು ಬಂದೂಕಿನ ನಳಿಗೆಗೆ ಸಿಕ್ಕಿಸಿಕೊಂಡ. ಉಳಿದದ್ದನ್ನೂ ಅಲ್ಲೇ ಹಂಚಿಬಿಟ್ಟರು. 2024ರ ನವೆಂಬರ್‌ನಲ್ಲಿ, ನಾನು ಊರಿಗೆ ಬಂದ ಆರು ತಿಂಗಳಿಗೆ, ಅವರು ತೀರಿಕೊಂಡ ಸುದ್ದಿಯನ್ನು ಮಗಳು ಫೋನ್ ಮಾಡಿ ಹೇಳಿದಳು. 91 ವರ್ಷವಾಗಿತ್ತು.

ಆದರೆ ಹೂವಿನ ಕಥೆ ಕೇಳಿ ರಕ್ತವೇ ಬೀಳಲಿಲ್ಲ ಅಂದುಕೊಳ್ಳಬೇಡಿ. ಅವತ್ತು ಸಂಜೆ ಗುಪ್ತ ಪೊಲೀಸರು ತಮ್ಮ ಕಚೇರಿಯ ಮುಂದೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಆ ಕಚೇರಿಯನ್ನು ಶಿಯಾದು ಬಡಾವಣೆಯ ಒಂದು ಇಳಿಜಾರು ಬೀದಿಯಲ್ಲಿ ಹುಡುಕಿಕೊಂಡು ಹೋದೆವು. ಈಗ ಅದು ದುಬಾರಿ ಅಪಾರ್ಟ್‌ಮೆಂಟು. ಗೋಡೆಯ ಮೇಲೆ ಸತ್ತವರ ಹೆಸರಿನ ಕಲ್ಲು, ಅದರ ಕೆಳಗೆ ಯಾರೋ ಇಟ್ಟ ಕೆಂಪು ಹೂವು ಬಾಡಿತ್ತು. ಒಳಗಿಂದ ಒಬ್ಬರು ಪುಟ್ಟ ನಾಯಿ ಹಿಡಿದುಕೊಂಡು ಹೊರಬಂದರು. ನಾಯಿ ಹೂವನ್ನು ಮೂಸಿತು. ಅವರು ಹಗ್ಗ ಎಳೆದುಕೊಂಡು ಹೋದರು.

ಪ್ರಶ್ನೆ: ನಾಲ್ಕೂವರೆ ಶತಮಾನ ಗೋವಾ ಆಳಿದವರ ಊರಿನಲ್ಲಿ ಅವರ ಸ್ವಾತಂತ್ರ್ಯದ ಹಬ್ಬ ನೋಡಿ ನಿಮಗೆ ಸಿಟ್ಟು ಬರಲಿಲ್ಲವೇ ಮೇಡಂ? (ಓದುಗರೊಬ್ಬರು, ಅಂಕೋಲಾ)

ಬಂತು. ಆದರೆ ಹಬ್ಬದಲ್ಲಿ ಅಲ್ಲ, ಲಿಸ್ಬನ್ನಿನ ಬೆಲೆಂ ಬಡಾವಣೆಯಲ್ಲಿ. ಅಲ್ಲಿ ನದಿಯ ದಡದಲ್ಲಿ ಹಡಗಿನಾಕಾರದ ಒಂದು ದೊಡ್ಡ ಸ್ಮಾರಕ ಇದೆ. ಸರ್ವಾಧಿಕಾರಿ ಸಲಝಾರ್ ಕಾಲದಲ್ಲಿ, 1960ರಲ್ಲಿ ಕಟ್ಟಿದ್ದು. ಸಮುದ್ರ ದಾಟಿದ ವೀರರೆಲ್ಲ ಸಾಲಾಗಿ ನಿಂತಿದ್ದಾರೆ, ವಾಸ್ಕೋ ಡ ಗಾಮನೂ ಇದ್ದಾನೆ. ಎದುರಿಗೆ ನೆಲದ ಮೇಲೆ ಕಲ್ಲಿನ ಭೂಪಟ. ಯಾವ ವರ್ಷ ಎಲ್ಲಿ ಮುಟ್ಟಿದೆವು ಅಂತ ಬರೆದುಕೊಂಡಿದ್ದಾರೆ. ಪ್ರವಾಸಿಗರು ಇಂಡಿಯಾದ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗಾಮ 1498ರಲ್ಲಿ ವಾಪಸು ಹೋಗುವಾಗ ನಮ್ಮ ಅಂಜುದೀವದಲ್ಲೇ ಹಡಗು ನಿಲ್ಲಿಸಿದ್ದು. ಬಿಣಗಾದ ದಡದಿಂದ ಕಾಣುವ ಅದೇ ದ್ವೀಪ.

ಏಪ್ರಿಲ್ 25ರಂದು ನನಗಾದದ್ದು ಬೇರೆ. ಕಾರ್ಮು ಚೌಕದ ಬೆಂಚಿನ ಮೇಲೆ ಕೂತಿದ್ದೆವು. 1974ರಲ್ಲಿ ಪ್ರಧಾನಿ ಕಾಯೆತಾನು ಅಡಗಿ ಕೂತು, ಕೊನೆಗೆ ಅಧಿಕಾರ ಬಿಟ್ಟದ್ದು ಅದೇ ಚೌಕದ ಪೊಲೀಸ್ ಠಾಣ್ಯದಲ್ಲಿ. ಐವತ್ತನೇ ವರ್ಷ ಅಂತ ಕಾಲಿಡಲು ಜಾಗವಿಲ್ಲ. ಪಕ್ಕದಲ್ಲಿ ಒಬ್ಬ ಅಜ್ಜ, ಕೋಟಿನ ಗುಂಡಿಗೆ ಹೂವು. ಯಾವ ಊರು ಅಂದರು. ಇಂಡಿಯಾ ಅಂದೆ. ಗೋವಾನಾ ಅಂದರು. ಅಲ್ಲ, ಪಕ್ಕದ ಕಾರವಾರ. ಅದು ಗೊತ್ತಿರಲಿಲ್ಲ. ಅಂಜುದೀವ ಅಂದೆ ನೋಡಿ, ಅಜ್ಜ ಪೂರ್ತಿ ತಿರುಗಿ ಕೂತರು.

ಅವರ ಅಣ್ಣ 1961ರಲ್ಲಿ ಗೋವಾದಲ್ಲಿ ಸೈನಿಕ. ಗೆದ್ದು ಬನ್ನಿ, ಇಲ್ಲವೇ ಸಾಯಿರಿ ಅನ್ನುವುದು ಸಲಝಾರ್ ಅಪ್ಪಣೆ. ಅಲ್ಲಿನ ಜನರಲ್ ಅದನ್ನು ಬದಿಗಿಟ್ಟು ಶರಣಾದ್ದರಿಂದ ಸಾವಿರಾರು ಹುಡುಗರು ಬದುಕಿಕೊಂಡರು. ಅಣ್ಣ ಪೊಂಡಾದ ಶಿಬಿರದಲ್ಲಿ ಐದು ತಿಂಗಳು ಸೆರೆ. 1962ರ ಮೇನಲ್ಲಿ ಹಡಗು ಲಿಸ್ಬನ್ ಮುಟ್ಟಿದಾಗ ಅಮ್ಮನನ್ನು ಹುಡುಕುತ್ತ ಇಳಿದರೆ ಎದುರಿಗೆ ಬಂದೂಕು ಹಿಡಿದ ಮಿಲಿಟರಿ ಪೊಲೀಸರು. ಹೇಡಿಗಳು ಬಂದರು ಅನ್ನುವ ಹಾಗೆ. ಅಣ್ಣ ಮುಂದೆ ಯಾವತ್ತೂ ಇಂಡಿಯಾ ಸುದ್ದಿ ಎತ್ತಲಿಲ್ಲವಂತೆ.

ನಾನೂ ನಮ್ಮಜ್ಜನ ಕಥೆ ಹೇಳಿದೆ. 1961ರ ನವೆಂಬರ್‌ನಲ್ಲಿ ಅಂಜುದೀವದಿಂದ ಪೋರ್ಚುಗೀಸರು ಸಬರಮತಿ ಅನ್ನುವ ಹಡಗಿಗೆ ಗುಂಡು ಹಾರಿಸಿದರು, ಕೆಲವೇ ದಿನಗಳಲ್ಲಿ ಒಬ್ಬ ಮೀನುಗಾರನನ್ನು ಕೊಂದರು. ಬೈತಖೋಲದಲ್ಲಿ ನಮ್ಮಜ್ಜ ದೋಣಿಯನ್ನು ದಡಕ್ಕೆ ಎಳೆದಿಟ್ಟು ತಿಂಗಳು ಕೂತರು. ಡಿಸೆಂಬರ್ 18ಕ್ಕೆ ನಮ್ಮ ನೌಕಾಪಡೆ ದ್ವೀಪಕ್ಕೆ ಇಳಿಯಿತು, ಏಳು ಜನ ನಾವಿಕರು ಸತ್ತರು. ಮಗಳು ಪೋರ್ಚುಗೀಸಿಗೆ ತಿರುಗಿಸಿ ತಿರುಗಿಸಿ ಸುಸ್ತಾದಳು. ಅಜ್ಜ ಕೊನೆಗೆ ಕೇಳಿದ್ದು ಒಂದೇ: ನಿಮ್ಮಜ್ಜ ಯಾವ ಮೀನು ಹಿಡಿಯುತ್ತಿದ್ದರು? ಬಂಗುಡೆ, ತಾರ್ಲೆ ಅಂದೆ. ತಾರ್ಲೆ ಅಂದರೆ ಏನು ಅಂತ ಮಗಳು ಹೇಳಿದಾಗ ‘ಸರ್ದೀನ್ಯಾ!’ ಅಂತ ತೊಡೆ ತಟ್ಟಿಕೊಂಡು ನಕ್ಕರು. ಲಿಸ್ಬನ್‌ನವರಿಗೆ ಅದು ಪ್ರಾಣ.

ಇನ್ನೊಂದು ಮಾತು. ಗೋವಾ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿಕೊಂಡದ್ದು 1961ರಲ್ಲಲ್ಲ, 1974ರ ಡಿಸೆಂಬರ್‌ನಲ್ಲಿ. ಕ್ರಾಂತಿಯಾದ ಮೇಲೆ. ಗೋವಾ ಹೋರಾಟದ ಮೋಹನ ರಾನಡೆಯವರನ್ನು ಗೋವಾ ಬಿಡುಗಡೆಯಾಗಿ ಏಳು ವರ್ಷ ಕಳೆದರೂ ಲಿಸ್ಬನ್ ಹತ್ತಿರದ ಕಾಶಿಯಾಸ್ ಜೈಲಿನಲ್ಲಿ ಇಟ್ಟುಕೊಂಡಿದ್ದರು, 1969ರಲ್ಲಿ ಬಿಟ್ಟರು. ಅದೇ ಜೈಲಿನ ಬಾಗಿಲು 1974ರ ಏಪ್ರಿಲ್‌ನಲ್ಲಿ ತೆರೆಯಿತು. ಹಾಗಾಗಿ ನಾನೂ ಎರಡು ಯೂರೋ ಕೊಟ್ಟು ಹೂವು ಕೊಂಡೆ. ಚೌಕಾಸಿ ಮಾಡಿ ನೋಡಿದೆ, ಹೂವಿನ ಹೆಂಗಸು ಜಗ್ಗಲಿಲ್ಲ.

ಪ್ರಶ್ನೆ: ಭಾಷೆ ಗೊತ್ತಿಲ್ಲದೆ ಹೇಗೆ ನಿಭಾಯಿಸಿದಿರಿ? (ಓದುಗರೊಬ್ಬರು, ಹಾಸನ)

ಅರ್ಧ ನಮ್ಮದೇ ಶಬ್ದ ಅಲ್ವಾ! ಚಾವಿ ಅಲ್ಲಿ ‘ಶಾವ್’. ಬಾಲ್ದಿ ‘ಬಾಲ್ದ್’. ಬಟಾಟೆ ‘ಬತಾತ’. ಅಂಗಡಿಯಲ್ಲಿ ಮಗಳು ‘ಪಗಾರ್’ ಅಂದಾಗ ಇವಳು ಯಾರಿಗೆ ಪಗಾರ ಕೊಡುತ್ತಿದ್ದಾಳೆ ಅಂತ ನೋಡಿದೆ. ಅಲ್ಲಿ ಹಾಗಂದರೆ ದುಡ್ಡು ಕೊಡುವುದು, ತರಕಾರಿಗಾದರೂ ಸರಿ.

ಪ್ರಶ್ನೆ: ಎರಡೇ ದಿನ ಇದ್ದರೆ ಏನು ನೋಡಬೇಕು? ನಾವು ಸಸ್ಯಾಹಾರಿಗಳು. (ಓದುಗರೊಬ್ಬರು, ಬೆಂಗಳೂರು)

ಹಳೆಯ ಚರ್ಚಿನ ಹತ್ತಿರದ ಅಲ್ಜೂಬ್ ನೋಡಿ. ಸಲಝಾರ್ ಕಾಲದ ರಾಜಕೀಯ ಕೈದಿಗಳ ಜೈಲು, 2015ರಿಂದ ಮ್ಯೂಸಿಯಂ. ಒಬ್ಬೊಬ್ಬರನ್ನೇ ಕೂಡಿಹಾಕುತ್ತಿದ್ದ ಕೋಣೆಯ ಮಾದರಿ ಇದೆ. ಒಳಗೆ ನಿಂತು ಕೈ ಚಾಚಲು ಹೋದೆ, ಎರಡೂ ಕಡೆ ಗೋಡೆ ತಾಗಿತು. ಹೊರಗೆ ಟ್ರಾಮಿನ ಗಂಟೆ ಕೇಳುತ್ತಿತ್ತು.

28ನೇ ನಂಬರಿನ ಆ ಹಳದಿ ಟ್ರಾಮು ಹತ್ತುವುದಾದರೆ ಪರ್ಸು ಎದುರಿಗೆ ಹಿಡಿದುಕೊಳ್ಳಿ. ನನ್ನದು ಹೋಯಿತು. ಕಲ್ಲು ಹಾಸಿದ ದಾರಿ ಮಳೆ ಬಂದರೆ ಸೋಪು ಹಚ್ಚಿದಂತೆ ಜಾರುತ್ತದೆ, ಚಪ್ಪಲಿ ಬೇಡ, ಶೂ ಹಾಕಿ. ಊಟಕ್ಕೆ ಮಾರ್ತಿಂ ಮೊನೀಶ್ ಕಡೆ ಹೋದರೆ ಬಾಂಗ್ಲಾದವರ, ನಮ್ಮವರ ಅಂಗಡಿಗಳಿವೆ, ಅಕ್ಕಿ ಬೇಳೆ ಎಲ್ಲ ಸಿಗುತ್ತದೆ. ಹಸಿರು ಸೊಪ್ಪಿನ ಸೂಪು ‘ಕಾಲ್ದು ವೆರ್ದ್’ ನೋಡಿ ಆಸೆಪಟ್ಟೀರಿ, ಮೊದಲು ಕೇಳಿಕೊಳ್ಳಿ. ತಳದಲ್ಲಿ ಒಂದು ಹೋಳು ಹಂದಿ ಮಾಂಸ ಹಾಕಿರುತ್ತಾರೆ.